ತುಂಗಭದ್ರೆಯ ಹೂಳಿನ ಲೆಕ್ಕ

‘ಡ್ಯಾಮ್ ಭರ್ತಿ’ ಎಂಬ ಸುದ್ದಿ ಫೋನಿಗೆ ಬಂದಾಗ ನಾವೆಲ್ಲ ಖುಷಿಪಡುತ್ತೇವೆ. ಎಷ್ಟಕ್ಕೆ ಭರ್ತಿ ಎಂದು ಕೇಳುವುದಿಲ್ಲ.

ಹೊಸಪೇಟೆ ಬಳಿ ಈ ಕಟ್ಟೆಗೆ ಅಡಿಗಲ್ಲು ಹಾಕಿದ್ದು 1945ರಲ್ಲಿ. ಆಗ ಎಡದಂಡೆ ನಿಜಾಮರದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ನೀರು ನಿಂತಾಗ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ ಅಡಿ. 2008ರ ಸರ್ವೆ 100.855 ಎಂದಿತು, 2016ರದ್ದು 105.788 ಎಂದಿತು. ನಡುವೆ ಹೂಳೇನೂ ಎದ್ದು ಹೋಗಿರಲಿಲ್ಲ. ನೀರಿನಡಿಯ ನೆಲ ಅಳೆಯುವುದು ಅಷ್ಟು ಸಲೀಸಲ್ಲ, ಅಷ್ಟೇ.

ಹರಿಯುವ ಹೊಳೆಗೆ ಮಣ್ಣು ಹೊರುವ ಕಸುವಿದೆ. ಹಿನ್ನೀರು ಮುಟ್ಟಿದೊಡನೆ ಓಟ ಕುಗ್ಗುತ್ತದೆ. ದಪ್ಪ ಮರಳು ಅಲ್ಲೇ, ಹಿನ್ನೀರಿನ ತುದಿಯಲ್ಲೇ ಕೂರುತ್ತದೆ. ನುಣ್ಣನೆಯ ಮಣ್ಣು ಕಟ್ಟೆಯತ್ತ ತೇಲಿ ಬಂದು ಮೆಲ್ಲಗೆ ತಳ ಸೇರುತ್ತದೆ. ಕ್ರೆಸ್ಟ್ ಗೇಟುಗಳು ಇರುವುದು ಮೇಲೆ. ಅವನ್ನೆತ್ತಿದರೆ ನೀರು ಹೋಗುತ್ತದೆ, ತಳದ ಹೂಳು ಹೋಗುವುದಿಲ್ಲ.

ಹೀಗೆ ಹೋದದ್ದು ಸುಮಾರು 27 ಟಿಎಂಸಿ ಅಡಿ ಜಾಗ. ಮಳೆ ಕೈಕೊಟ್ಟ ವರ್ಷ ಎರಡನೇ ಬೆಳೆಗೆ ನೀರಿಲ್ಲ ಎನ್ನುವಾಗ ಈ ಜಾಗದ ಬೆಲೆ ಗೊತ್ತಾಗುತ್ತದೆ.

ಕೆರೆಯ ಹೂಳನ್ನು ನಮ್ಮ ಹಿರಿಯರು ಬಂಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು. 2017ರ ಬೇಸಿಗೆಯಲ್ಲಿ ರೈತರು ಈ ಜಲಾಶಯಕ್ಕೂ ತಾವೇ ಇಳಿದು ಹೂಳೆತ್ತಿದರು. ನಾವು ಲೆಕ್ಕ ಹಾಕಿದೆವು: ಟಿಪ್ಪರಿಗೆ 10 ಘನ ಮೀಟರ್‌ನಂತೆ ದಿನಕ್ಕೆ 1,000 ಲೋಡ್ ಎತ್ತಿದರೂ 200 ವರ್ಷ ಮೀರುತ್ತದೆ, ಅದೂ ಹೊಸ ಹೂಳು ಬಾರದಿದ್ದರೆ. ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಪ್ರಸ್ತಾವ ಬಂದಿದೆ. ಅದಕ್ಕೆ ಬೇಕಾದ ಜಮೀನೂ ರೈತರದ್ದೇ.