ಬಿಕೋ ಎನ್ನುವ ಮನೆ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ, ಸಕಲೇಶಪುರ ತಾಲ್ಲೂಕಿನ ಯಸಳೂರಿನ ಹತ್ತಿರ, ಮಿತ್ರರೊಬ್ಬರ ಹಳೆಯ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಮಳೆ ಹೊಳವಾಗಿತ್ತು. ಎದುರಿನ ಕಾಫಿ ತೋಟದಿಂದ ಮಂಜು ಮೆಲ್ಲಗೆ ಅಂಗಳಕ್ಕೆ ಇಳಿಯುತ್ತಿತ್ತು. ಮಿತ್ರರ ತಾಯಿ, ಎಂಬತ್ತು ದಾಟಿದವರು, ದೀಪ ತಂದಿಟ್ಟು, "ಎಲ್ಲ ಬೆಂಗಳೂರು ಸೇರಿಕೊಂಡರು. ಮನೆ ಬಿಕೋ ಅನ್ನುತ್ತದೆ," ಎಂದರು. ಅಷ್ಟು ಹೇಳಿ ಒಳಗೆ ಹೋದರು.

ಆ ಮಾತು ನನ್ನನ್ನು ಹಿಡಿದುಕೊಳ್ಳಲು ಒಂದು ಕಾರಣವಿತ್ತು. ಅದೇ ವಾರ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಇಂಗ್ಲಿಷಿನ 'ಈರಿ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದ. ಭಯಾನಕವೆಂದರೆ ಹೆಚ್ಚಾಯಿತು, ವಿಚಿತ್ರವೆಂದರೆ ಕಡಿಮೆಯಾಯಿತು. ಮಬ್ಬು ಕವಿದಾಗ, ಸದ್ದಿಲ್ಲದಾಗ, ಕಾರಣವಿಲ್ಲದೆ ಮನಸ್ಸಿಗೆ ಮುತ್ತುವ ಒಂದು ಬಗೆಯ ಮಂಕು ಅಂಜಿಕೆ ಅದು. ಉತ್ತರ ಹೊಳೆಯದೆ ನಾಳೆ ಹೇಳುತ್ತೇನೆಂದು ಜಾರಿಕೊಂಡಿದ್ದೆ.

ಈ 'ಈರಿ' ಮೂಲತಃ ಲಂಡನ್ನಿನ ಮಾತಲ್ಲ. ಸ್ಕಾಟ್ಲೆಂಡಿನ ಮತ್ತು ಉತ್ತರ ಇಂಗ್ಲೆಂಡಿನ ಆಡುನುಡಿಯದು. ಸುಮಾರು 1300ರ ಹೊತ್ತಿಗೇ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಅದರ ಬೇರು ಹೇಡಿ, ಅಂಜುಬುರುಕ ಎಂಬ ಅರ್ಥದ ಒಂದು ಪ್ರಾಚೀನ ಇಂಗ್ಲಿಷ್ ಶಬ್ದ. ಎಂದರೆ ಮೊದಮೊದಲು 'ಈರಿ'ಯಾಗಿದ್ದುದು ಜಾಗವಲ್ಲ, ಅಲ್ಲಿ ನಿಂತ ಮನುಷ್ಯ. ಹದಿನೆಂಟನೆಯ ಶತಮಾನದ ಕೊನೆಗೆ, ಕವಿ ರಾಬರ್ಟ್ ಬರ್ನ್ಸನ ಕಾಲಕ್ಕೆ, ಅದು ಅಂಜುವವನನ್ನು ಬಿಟ್ಟು ಅಂಜಿಸುವ ವಸ್ತುವಿಗೆ ಅಂಟಿಕೊಂಡಿತು. ನನ್ನ ಎದೆಯಲ್ಲಿದ್ದ ಅಳುಕು ಎದುರಿನ ಪಾಳುಗೋಡೆಯ ಗುಣವಾಯಿತು! ಇಷ್ಟು ದೂರ ನಡೆಯಲು ಆ ಶಬ್ದಕ್ಕೆ ಸುಮಾರು ಐದು ಶತಮಾನ ಹಿಡಿಯಿತು.

ಆ ಶಬ್ದದ ತೌರಿನಿಂದಲೇ ನಮ್ಮ ಈ ಬೆಟ್ಟಗಳಿಗೆ ಬಂದವರೂ ಉಂಟು. ಸ್ಕಾಟ್ಲೆಂಡಿನ ಗಡಿನಾಡಿನ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಇಲ್ಲಿಗೆ ಬಂದು ಕಾಫಿ ತೋಟ ಮಾಡಿದ. ಮೈಸೂರು ಕಾಡುಗಳಲ್ಲಿ ತೋಟಗಾರನಾಗಿ ಪಡೆದ ಅನುಭವಗಳನ್ನು 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಕುರಿತು ಇನ್ನೊಂದನ್ನು ಬರೆದ. ಆಷಾಢದ ಜಡಿಮಳೆಯಲ್ಲಿ ಬಂಗಲೆಯೊಳಗೆ ಒಬ್ಬನೇ ಕುಳಿತಾಗ ಊರಿನ ಆ ಹಳೆಯ ಮಾತು ಅವನ ನಾಲಗೆಗೆ ಬಂದೀತೆ? ಬಂದಿರಬಹುದೆಂದು ನನ್ನ ಊಹೆ, ಅಷ್ಟೆ.

ಆಗ ಈ ಸೀಮೆಗೆ ಮಂಜರಾಬಾದು ಎಂದು ಹೆಸರು. ಟಿಪ್ಪು ಸುಲ್ತಾನ ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಕಟ್ಟಿಸಿದ. 1792ರಲ್ಲಿ ಅದು ಮುಗಿಯಿತು. ನೋಡಲು ಬಂದಾಗ ಕೋಟೆ ಮಂಜಿನಲ್ಲಿ ಮುಳುಗಿತ್ತಾದ್ದರಿಂದ ಆ ಹೆಸರಿಟ್ಟನೆಂದು ಹೇಳಿಕೆ. ನಿಜವೋ ಕಟ್ಟುಕಥೆಯೋ, ಆ ಹೇಳಿಕೆಯಲ್ಲಿ ಭಯದ ಸುಳಿವಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿಯ ಜನಕ್ಕೆ ಮಂಜು ಮನೆಯ ನೆಂಟ. ಅದಕ್ಕೆ ಅವರು ಅಂಜುವುದಿಲ್ಲ.

ಹಾಗಾದರೆ ಕನ್ನಡ ಈ ಅಳುಕನ್ನು ಹೇಗೆ ಹೇಳುತ್ತದೆ? ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂಬ ಒಂದು ವರ್ಗವುಂಟು. ಅವುಗಳಲ್ಲಿ ಬಹುಪಾಲು 'ಎನ್ನು' ಎಂಬ ಕ್ರಿಯಾಪದದೊಡನೆ ಬಾಳುತ್ತವೆ. ಮೈ ಜುಮ್ಮೆನ್ನುತ್ತದೆ, ಎದೆ ಝಲ್ಲೆನ್ನುತ್ತದೆ, ಜೀವ ಧಸಕ್ಕೆನ್ನುತ್ತದೆ. ಇಲ್ಲೆಲ್ಲ ಮಾತನಾಡುವುದು ಅಂಜಿದವನ ಮೈ. ಕಾಡು ಗವ್ವೆನ್ನುತ್ತದೆ, ಬಯಲು ಭಣಭಣ ಎನ್ನುತ್ತದೆ, ಮನೆ ಬಿಕೋ ಎನ್ನುತ್ತದೆ. ಇಲ್ಲಿ ಮಾತನಾಡುವುದು ಜಾಗ. ಸ್ಕಾಟರು ಒಂದೇ ಶಬ್ದವನ್ನು ಮನುಷ್ಯನಿಂದ ಜಾಗಕ್ಕೆ ದಾಟಿಸಿದರು. ಕನ್ನಡಿಗರು ಎರಡಕ್ಕೂ ಬೇರೆಬೇರೆ ಬಾಯಿ ಕೊಟ್ಟರು.

ಅದರಲ್ಲಿಯೂ 'ಬಿಕೋ' ಒಂದು ವಿಶೇಷದ ಮಾತು. ಯಾರೂ ಕಾಲಿಡದ ಕಾಡನ್ನು ನಾವು ಬಿಕೋ ಎನ್ನುವುದಿಲ್ಲ, ಅದು ಗವ್ವೆನ್ನುತ್ತದೆ. ಮದುವೆ ಮುಗಿದ ಚಪ್ಪರ, ಜಾತ್ರೆ ಕಳೆದ ಬಯಲು, ರಜೆಯ ದಿನದ ಶಾಲೆ, ಮಗಳು ಗಂಡನ ಮನೆಗೆ ಹೋದ ಮಾರನೆಯ ಬೆಳಗು, ಇವು ಬಿಕೋ ಎನ್ನುತ್ತವೆ. 2020ರ ಮಾರ್ಚಿಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಪತ್ರಿಕೆಗಳು ರಸ್ತೆಗಳು ಬಿಕೋ ಎನ್ನುತ್ತಿವೆ ಎಂದೇ ಬರೆದವು. ಮೊದಲು ಜನವಿದ್ದು ಈಗಿಲ್ಲದ ಜಾಗಕ್ಕೆ ಮಾತ್ರ ಆ ಮಾತು ಒಪ್ಪುತ್ತದೆ. 'ಈರಿ' ಎಂದಾಗ ಅಲ್ಲಿ ಯಾರೋ ಇದ್ದಾರೆಂಬ ಅಂಜಿಕೆ. 'ಬಿಕೋ' ಎಂದಾಗ ಯಾರೂ ಇಲ್ಲವಲ್ಲ ಎಂಬ ಸಂಕಟ. ಭೂತವೆಂಬ ಶಬ್ದಕ್ಕೆ ನಮ್ಮಲ್ಲಿ ಎರಡರ್ಥವಷ್ಟೆ. ಸ್ಕಾಟರ ಶಬ್ದದಲ್ಲಿರುವುದು ದೆವ್ವದ ಭೂತ, ನಮ್ಮದರಲ್ಲಿರುವುದು ಕಾಲದ ಭೂತ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿಯುಂಟು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿ, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಮೇಲೆ, ಮಳೆಗಾಲದಲ್ಲಿ ನೀರಿನಲ್ಲಿ ನಿಲ್ಲುತ್ತದೆ. ಊರು ಎದ್ದುಹೋಯಿತು. ಮುರಿದ ಕಮಾನುಗಳನ್ನು ನೋಡಬರುವ ಪ್ರವಾಸಿಗೆ ಅದು 'ಈರಿ'. ಚಿತ್ರ ತೆಗೆದುಕೊಂಡು ಹೋಗುತ್ತಾನೆ. ಅಲ್ಲಿ ಹುಟ್ಟಿ ಬೆಳೆದವನಿಗೆ ಅದು ಬಿಕೋ. ಒಂದೇ ಗೋಡೆ, ಎರಡು ಮಾತು.

ಯಸಳೂರಿನ ಸುತ್ತ ಅಂಥ ಮುಳುಗಡೆಯ ಗುರುತನ್ನು ನಾನು ಕಾಣಲಿಲ್ಲ. ಆದರೂ ತೋಟದ ದಾರಿಯಲ್ಲಿ ಬೀಗ ಹಾಕಿದ ಮನೆಗಳನ್ನು ಕಂಡೆ. ಬೇಸಾಯ ಬಿಟ್ಟು ಹುಲ್ಲು ಬೆಳೆದ ಗದ್ದೆಗಳನ್ನೂ ಕಂಡೆ. ಓದಿದ ಮಕ್ಕಳು ಊರಿಗೆ ಮರಳುವುದಿಲ್ಲ. ಗದ್ದೆಗೆ ಆಳಿಲ್ಲ, ಬೆಳೆದರೆ ಆನೆ ಬಿಡುವುದಿಲ್ಲ. ಆಲೂರು ಸಕಲೇಶಪುರದ ಕಡೆ ಆನೆಯ ಕಾಟದಿಂದ ಹೊತ್ತು ಮುಳುಗಿದ ಮೇಲೆ ನಡೆದು ಹೊರಡುವವರು ಕಡಿಮೆ. ಆನೆಯ ಭಯ ಬೇರೆ, ಅದು ಎದೆಯನ್ನು ಧಸಕ್ಕೆನಿಸುವ ಭಯ. ಆದರೆ ಆ ಭಯವೇ ದಾರಿಯನ್ನು ಬರಿದುಮಾಡಿ ಬಿಕೋ ಎನಿಸಿದೆ.

ಮರಳಿ ಬಂದು ವಿದ್ಯಾರ್ಥಿಗೆ ಹೇಳಿದೆ: "ಈರಿಗೆ ಸರಿಸಮನಾದ ಮಾತು ನಮ್ಮಲ್ಲಿಲ್ಲ. ಅದರ ಪಕ್ಕದಲ್ಲಿ ನಿಲ್ಲಿಸಬಹುದಾದ ಒಂದು ಮಾತಿದೆ, ಅದರ ಅರ್ಥ ಬೇರೆ." ಅವನು ಬರೆದುಕೊಂಡ. ನಿಘಂಟಿಗೆ ಅಷ್ಟು ಸಾಕು.

ನನಗೆ ಮಾತ್ರ ಸಾಲದು. ಹೊರಡುವ ಬೆಳಗ್ಗೆ ಆ ತಾಯಿ, "ಬರುತ್ತಾ ಇರಿ," ಎಂದಿದ್ದರು. ಬಿಕೋ ಎನ್ನುವ ಮನೆಗೆ ಔಷಧ ಅದೊಂದೇ ಎಂಬುದು ಅವರಿಗೆ ಗೊತ್ತಿತ್ತು. ಬರುತ್ತೇನೆ ಎಂದು ಬಂದಿದ್ದೇನೆ, ಇನ್ನೂ ಹೋಗಿಲ್ಲ.