ಯಮುನೆಯಿಲ್ಲದ ದಿಲ್ಲಿ

ದಿಲ್ಲಿ ಎಂದೊಡನೆ ನಿಮ್ಮ ಮನಸ್ಸು ಯಮುನಾ ತೀರಕ್ಕೆ ಓಡೀತು. ನಾನು ಹೇಳಹೊರಟಿರುವುದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಪುಟ್ಟ ಊರೊಂದರ ವಿಚಾರ. ಹೆಸರು ನಮ್ಮ ರಾಜಧಾನಿಯದೇ. ಅಲ್ಲಿಯವರು ಮಾತ್ರ ‘ಡೆಲ್‌ಹೈ’ ಎನ್ನುತ್ತಾರೆ! ಅಲ್ಲಿನ ಕೃಷಿ-ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ 1961ರಲ್ಲಿ ಪಶುವೈದ್ಯರ ಸಹಾಯಕರಿಗೆ ಕ್ರಮವಾದ ಶಿಕ್ಷಣ ಮೊದಲಾಯಿತು. ಆ ದೇಶದಲ್ಲಿ ಅದೇ ಮೊದಲನೆಯದು.

ಅದೇ ವರ್ಷ ಬ್ರಿಟನ್ನಿನಲ್ಲಿಯೂ ಇಂಥ ಯೋಜನೆ ಹುಟ್ಟಿತು. ಆದರೆ ‘ನರ್ಸ್’ ಎಂಬ ಹೆಸರು ಮನುಷ್ಯರ ದಾದಿಯರಿಗೇ ಮೀಸಲಾಗಿದ್ದುದರಿಂದ, ಕಲಿತವರು 1984ರವರೆಗೆ ‘ಪ್ರಾಣಿ ಶುಶ್ರೂಷಾ ಸಹಾಯಕ’ರಾಗಿಯೇ ಉಳಿಯಬೇಕಾಯಿತು. ಬೆಕ್ಕಿಗೇನೋ ಈ ಹೆಸರಿನ ಜಗಳ ತಿಳಿಯದು.

ನಿಜವಾದ ತೊಡಕು ಬೇರೆ. ರೋಗನಿರ್ಣಯ, ಔಷಧ ಬರೆಯುವುದು, ಶಸ್ತ್ರಕ್ರಿಯೆ—ಇವು ವೈದ್ಯರವು. ರಕ್ತ ತೆಗೆಯುವುದು, ಅರಿವಳಿಕೆಯಲ್ಲಿರುವ ಪ್ರಾಣಿಯ ಉಸಿರು ನೋಡುವುದು ಸಹಾಯಕರವು. ನಾನೂರು ಕಿಲೋ ತೂಗುವ ಎತ್ತಿಗೆ ಔಷಧ ತುಸು ಹೆಚ್ಚಾದರೆ ನಡೆದೀತು; ನಾಲ್ಕು ಕಿಲೋ ಬೆಕ್ಕಿಗೆ ಅಷ್ಟೇ ಹೆಚ್ಚಾದರೆ ಪ್ರಾಣವೇ ಹೋದೀತು. ಹಾಗೆಂದು ಮೇಲ್ವಿಚಾರಕರು ಪ್ರತಿ ಸಲವೂ ಸೂಜಿಯನ್ನು ಕಸಿದುಕೊಂಡರೆ ವಿದ್ಯಾರ್ಥಿ ಕಲಿಯುವುದೆಂದು? ಬಿಟ್ಟುಕೊಟ್ಟರೆ, ತಪ್ಪಿನ ಬೆಲೆಯನ್ನು ತೆರುವುದು ಮೂಕಪ್ರಾಣಿ. ಕೈ ಹಿಂದಿಟ್ಟುಕೊಂಡು ಕಣ್ಣು ಮುಂದಿಡುವ ಈ ಕೆಲಸ, ತಾನೇ ಚಿಕಿತ್ಸೆ ಮಾಡುವುದಕ್ಕಿಂತ ಕಷ್ಟವೆಂದೇ ನನಗೆ ತೋರುತ್ತದೆ.

1970ರ ದಶಕದಲ್ಲಿ ಅಮೆರಿಕದ ಪಶುವೈದ್ಯ ಸಂಘವು ಇಂಥ ಶಾಲೆಗಳನ್ನು ಪರಿಶೀಲಿಸಿ ಮನ್ನಣೆ ಕೊಡತೊಡಗಿತು. ಇಂದು ಅಲ್ಲಿ ಬರಿಯ ಬರವಣಿಗೆಯ ಪರೀಕ್ಷೆ ಸಾಲದು. ಗೊತ್ತುಪಡಿಸಿದ ಕೆಲಸಗಳನ್ನು ವಿದ್ಯಾರ್ಥಿ ತನ್ನ ಕೈಯಾರೆ ಮಾಡಿ ತೋರಿಸಬೇಕು, ನೋಡುವವರು ಪಕ್ಕದಲ್ಲಿರಬೇಕು.