ಬಿಡುಗಡೆಯಾದ ಮೇಲೂ ಬಿಡದ ಕಡತ

ಕೇಂದ್ರ ಸರಕಾರದ ನೌಕರಿಗೆ ಆಯ್ಕೆಯಾದವರು ತುಂಬಿ ಕೊಡಬೇಕಾದ ಒಂದು ದೃಢೀಕರಣ ನಮೂನೆ ಇದೆ. ಹೆಸರು, ತಂದೆಯ ಹೆಸರು, ವಾಸವಿದ್ದ ವಿಳಾಸಗಳು, ಓದಿದ ಶಾಲೆಗಳು, ಎಲ್ಲ ಮುಗಿದ ಮೇಲೆ ಪ್ರಶ್ನೆಗಳ ಸಾಲೊಂದು ಬರುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿದೆಯೇ? ನಿಮ್ಮನ್ನು ಸ್ಥಾನಬದ್ಧತೆಯಲ್ಲಿ ಇಡಲಾಗಿತ್ತೇ? ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆ ಇವೆಲ್ಲವುಗಳ ನಂತರ ಬರುತ್ತದೆ. ಸುಳ್ಳು ಹೇಳಿದರೆ ಅಥವಾ ಮುಚ್ಚಿಟ್ಟರೆ ನೌಕರಿಗೆ ಅನರ್ಹರಾಗುವಿರಿ ಎಂಬ ಎಚ್ಚರಿಕೆ ನಮೂನೆಯ ತಲೆಯಲ್ಲೇ ಅಚ್ಚಾಗಿರುತ್ತದೆ.

ಅಪರಾಧ ಸಾಬೀತಾಗುವ ತನಕ ಪ್ರತಿಯೊಬ್ಬನೂ ನಿರಪರಾಧಿ ಎಂದು ನಾವು ಶಾಲೆಯ ಪೌರನೀತಿ ಪಾಠದಲ್ಲಿ ಕಲಿತಿದ್ದೇವೆ. ನ್ಯಾಯಾಲಯದ ಒಳಗೆ ಆ ಮಾತು ನಿಜವೂ ಹೌದು. ಆದರೆ ಹೊಸ್ತಿಲು ದಾಟಿ ಹೊರಬಂದು ಕೆಲಸ ಹುಡುಕುವವನ ಪಾಲಿಗೆ ನಿಯಮ ತಲೆಕೆಳಗಾಗುತ್ತದೆ. ತಾನು ನಿರಪರಾಧಿ ಎಂದು ಆತ ಮತ್ತೊಮ್ಮೆ, ಈ ಸಲ ನೇಮಕಾತಿ ಅಧಿಕಾರಿಯ ಮುಂದೆ, ಸಾಬೀತುಪಡಿಸಬೇಕು. ಈ ವಿಚಿತ್ರ ಸ್ಥಿತಿ ಹೇಗೆ ಬಂತೆಂದು ತಿಳಿಯಲು ನಾವು ಉತ್ತರ ಪ್ರದೇಶದ ಒಂದು ಹಳ್ಳಿಗೆ, 1941ನೆಯ ಇಸವಿಗೆ ಹೋಗಬೇಕು.

ಆ ವರ್ಷ ಖರಕ್ ಸಿಂಗ್ ಎಂಬವರನ್ನು ಡಕಾಯಿತಿ ಪ್ರಕರಣವೊಂದರಲ್ಲಿ ಹಿಡಿಯಲಾಯಿತು. ಸಾಕ್ಷ್ಯವೇ ಇರಲಿಲ್ಲ. ಆದ್ದರಿಂದ ದಂಡ ಪ್ರಕ್ರಿಯಾ ಸಂಹಿತೆಯ 169ನೆಯ ಕಲಮಿನಡಿ ಅವರನ್ನು ಬಿಟ್ಟುಬಿಟ್ಟರು. ಕೋರ್ಟಿನಲ್ಲಿ ವಿಚಾರಣೆಯೇ ನಡೆಯಲಿಲ್ಲ, ಶಿಕ್ಷೆಯ ಮಾತು ದೂರ. ಆದರೂ ಪೊಲೀಸ್ ಠಾಣೆಯಲ್ಲಿ ಅವರ ಹೆಸರಿನಲ್ಲಿ ಒಂದು ‘ಹಿಸ್ಟರಿ ಶೀಟ್’ ತೆರೆಯಿತು. ಡಕಾಯಿತರು, ಕನ್ನಗಳ್ಳರು, ದನಗಳ್ಳರಿಗೆಂದು ಮೀಸಲಾದ ‘ಎ’ ವರ್ಗದ ಹಾಳೆ. ಅಂದಿನಿಂದ ಚೌಕಿದಾರರೂ ಪೇದೆಗಳೂ ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು, ಊರು ಬಿಟ್ಟು ಹೋದರೆ ಎಲ್ಲಿಗೆ, ಯಾಕೆ ಎಂದು ವಿಚಾರಿಸುವುದು ಶುರುವಾಯಿತು. ಬ್ರಿಟಿಷರು ಹೋದರು, ಸಂವಿಧಾನ ಬಂತು, ಬಾಗಿಲು ಬಡಿಯುವುದು ಮಾತ್ರ ನಿಲ್ಲಲಿಲ್ಲ.

ಇದು ಒಬ್ಬ ಪೊಲೀಸ್ ಅಧಿಕಾರಿಯ ದುಷ್ಟತನವಾಗಿರಲಿಲ್ಲ. ಕಡತದಲ್ಲಿ ಹೆಸರು ಬಂದವನನ್ನು ಅನುಮಾನಿಸುವುದು ವಸಾಹತು ಆಡಳಿತದ ಸಹಜ ಪದ್ಧತಿಯೇ ಆಗಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವ ಬಂಧನವೂ ಇಲ್ಲದೆ ಹುಟ್ಟಿನಿಂದಲೇ ಜನರನ್ನು ರಿಜಿಸ್ಟರಿಗೆ ಏರಿಸಿತು. ಅದು ರದ್ದಾದದ್ದು 1952ರಲ್ಲಿ. ರದ್ದಾದರೂ ‘ಅಭ್ಯಾಸನಿರತ ಅಪರಾಧಿ’ಗಳ ಕಾಯ್ದೆಗಳೆಂಬ ಹೆಸರಿನಲ್ಲಿ ಅದರ ನೆರಳು ರಾಜ್ಯ ರಾಜ್ಯಗಳಲ್ಲಿ ಉಳಿಯಿತು. ನಮ್ಮಲ್ಲಿ ಅದು 1961ರದ್ದು.

ಹಾಗೆಂದು ಬ್ರಿಟಿಷರ ಎಲ್ಲ ಕಾನೂನೂ ಒಂದೇ ತೆರನಾಗಿರಲಿಲ್ಲ. 1920ರ ಕೈದಿಗಳ ಗುರುತು ಕಾಯ್ದೆಯಲ್ಲಿ ಒಂದು ಸಣ್ಣ ಕಲಮಿತ್ತು. ಹಿಂದೆ ಶಿಕ್ಷೆಯಾಗದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ಆತನಿಂದ ಪಡೆದ ಬೆರಳಚ್ಚು, ಅಳತೆ, ಭಾವಚಿತ್ರಗಳನ್ನು ನಾಶಪಡಿಸಬೇಕು ಅಥವಾ ಆತನಿಗೇ ಒಪ್ಪಿಸಬೇಕು. ಕೋರ್ಟೋ ಮ್ಯಾಜಿಸ್ಟ್ರೇಟರೋ ಬೇರೆ ಆದೇಶ ಕೊಟ್ಟರೆ ಮಾತ್ರ ಇದಕ್ಕೆ ವಿನಾಯಿತಿ. (ಬೆರಳಚ್ಚುಗಳನ್ನು ವರ್ಗೀಕರಿಸುವ ಗಣಿತವನ್ನು ಕಲ್ಕತ್ತೆಯಲ್ಲಿ ಕೂತು ರೂಪಿಸಿದವರು ಖಾಝಿ ಅಝೀಝುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಲೋಕಕ್ಕೆ ಅದು ಪರಿಚಯವಾದದ್ದು ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ದಾಖಲೆಗಳ ಅನ್ಯಾಯ ದಾಖಲೆ ಮಾಡಿದವರನ್ನೂ ಬಿಟ್ಟಿಲ್ಲ!) 2022ರಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂತು. ನಾಶಪಡಿಸುವ ನಿಯಮ ಅದರಲ್ಲೂ ಇದೆ. ಆದರೆ ಮೇಲ್ಮನವಿಯೂ ಸೇರಿ ಎಲ್ಲ ಕಾನೂನು ದಾರಿಗಳು ಮುಗಿದ ಮೇಲಷ್ಟೇ ಅದು ಅನ್ವಯವಾಗುತ್ತದೆ. ಮಿಕ್ಕವರ ವಿವರಗಳು 75 ವರ್ಷ ಸರಕಾರದ ಬಳಿ ಇರುತ್ತವೆ. ಅಂದರೆ ಬೆರಳಿನ ಗುರುತನ್ನು ಅಳಿಸಬೇಕೆಂಬ ವಿವೇಕ ನೂರು ವರ್ಷಗಳ ಹಿಂದೆಯೇ ಇತ್ತು. ಹೆಸರಿನ ಗುರುತಿಗೆ ಮಾತ್ರ ಅಂಥ ಕಲಮನ್ನು ಯಾರೂ ಬರೆಯಲಿಲ್ಲ.

ಖರಕ್ ಸಿಂಗ್ ಸುಪ್ರೀಮ್ ಕೋರ್ಟಿಗೆ ಹೋದರು. 1962ರ ಡಿಸೆಂಬರ್ 18ರಂದು ಆರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ರಾತ್ರಿ ಮನೆಗೆ ಬರುವುದು ತಪ್ಪು ಎಂದಿತು, ಉಳಿದ ಕಣ್ಗಾವಲನ್ನು ಹಾಗೆಯೇ ಬಿಟ್ಟಿತು. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಬಹುಮತ ಹೇಳಿದಾಗ, ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಆ ಭಿನ್ನಮತವೇ ಸರಿಯೆಂದು ಸಾಬೀತಾಗಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಪೀಠದಲ್ಲಿದ್ದ ಒಬ್ಬರು ಮೂಡುಬಿದಿರೆ ಕಡೆಯ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್. ಖರಕ್ ಸಿಂಗರನ್ನು ಸೋಲಿಸಿದ ಮಾತು ಹೀಗೆ ಬಿದ್ದುಹೋಯಿತು. ಆದರೆ ಠಾಣೆಯ ಕಡತ ಅಷ್ಟರಲ್ಲಿ ಬಾಗಿಲು ಬಡಿಯುವುದಕ್ಕಿಂತ ಹೆಚ್ಚು ಪರಿಣಾಮಕಾರಿಯಾದ ಇನ್ನೊಂದು ಕೆಲಸ ಕಲಿತಿತ್ತು.

ಅದೇ ‘ನಡತೆ ಮತ್ತು ಪೂರ್ವಾಪರ ಪರಿಶೀಲನೆ’. ಪರೀಕ್ಷೆ ಪಾಸಾಗಿ, ಸಂದರ್ಶನ ಮುಗಿಸಿ, ಹೆಸರು ಪಟ್ಟಿಯಲ್ಲಿ ಬಂದ ಮೇಲೆ ಕಾಗದ ಠಾಣೆಗೆ ಹೋಗುತ್ತದೆ. ಪಾಸ್‌ಪೋರ್ಟಿಗಾಗಿ ಪೇದೆಯೊಬ್ಬರು ಮನೆಗೆ ಬಂದು ಚಹಾ ಕುಡಿದು ಹೋದ ಅನುಭವ ನಮ್ಮ ಓದುಗರಲ್ಲಿ ಹಲವರಿಗೆ ಇರಬಹುದು. ನೌಕರಿಯ ವಿಷಯದಲ್ಲೂ ದಾರಿ ಬಹುತೇಕ ಅದೇ. ವ್ಯತ್ಯಾಸವೆಂದರೆ, ಇಲ್ಲಿ ಬರೆದ ಒಂದು ಸಾಲು ಒಂದು ಕುಟುಂಬದ ಅನ್ನಕ್ಕೆ ಸಂಬಂಧಿಸಿದ್ದು.

ಈ ಸಾಲಿಗೆ ಎಷ್ಟು ಬೆಲೆ ಕೊಡಬೇಕು? ಮಧ್ಯಪ್ರದೇಶದ ಒಬ್ಬ ಶಾಲಾ ಶಿಕ್ಷಕರ ಪ್ರಕರಣ 1983ರಲ್ಲಿ ಸುಪ್ರೀಮ್ ಕೋರ್ಟಿನ ಮುಂದೆ ಬಂತು. ನಗರಸಭೆಯ ಶಾಲೆಯನ್ನು ಸರಕಾರ ವಹಿಸಿಕೊಂಡಾಗ ಅವರೂ ಸರಕಾರಿ ನೌಕರರಾದರು. ನಂತರ ಅವರು ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಗಳಲ್ಲಿ ಭಾಗವಹಿಸಿದ್ದರು ಎಂಬ ಪೊಲೀಸ್ ವರದಿಯ ಮೇಲೆ ಕೆಲಸದಿಂದ ತೆಗೆದುಹಾಕಲಾಯಿತು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಸರಕಾರದ ಮೇಲ್ಮನವಿಯನ್ನು ತಳ್ಳಿಹಾಕಿದರು. ಭಾರತ ಪೊಲೀಸ್ ರಾಜ್ಯವಲ್ಲ ಎಂದು ಸರಕಾರಕ್ಕೆ ನೆನಪಿಸಿದರು. ಆ ಶಿಕ್ಷಕರ ರಾಜಕೀಯ ನಮ್ಮ ರಾಜಕೀಯವಲ್ಲ. ಆದರೆ ನಮ್ಮ ಹುಡುಗರ ಪರವಾಗಿ ವಕೀಲರು ಇಂದು ಎತ್ತಿ ಹಿಡಿಯಬಹುದಾದ ತೀರ್ಪುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ವಿರಳ. ಕಾನೂನಿನ ರಕ್ಷಣೆ ಎಂಬುದು ಹೀಗೆಯೇ ಇರುತ್ತದೆ. ನಮಗೆ ಇಷ್ಟವಿಲ್ಲದವರಿಗೆ ಸಿಕ್ಕಿದ್ದು ಮಾತ್ರ ನಮಗೂ ಸಿಗುತ್ತದೆ.

1996ರಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ದಿಲ್ಲಿ ಪೊಲೀಸ್ ಪೇದೆ ಹುದ್ದೆಗೆ ಆಯ್ಕೆಯಾದ ಯುವಕನೊಬ್ಬನ ಮೇಲೆ ಹಿಂದೆ ಮೊಕದ್ದಮೆ ನಡೆದು ಖುಲಾಸೆಯಾಗಿತ್ತು. ನೇಮಕಾತಿ ನಿರಾಕರಿಸಿದ್ದನ್ನು ಸುಪ್ರೀಮ್ ಕೋರ್ಟ್ ಎತ್ತಿಹಿಡಿಯಿತು. ಖುಲಾಸೆಯಾಯಿತೇ ಇಲ್ಲವೇ ಎಂಬುದಲ್ಲ, ಅಭ್ಯರ್ಥಿಯ ನಡತೆಯೇ ಮುಖ್ಯ ಎಂಬುದು ಅದರ ತಾತ್ಪರ್ಯ. ಪೊಲೀಸ್ ಇಲಾಖೆ ಶಿಸ್ತಿನ ಪಡೆ, ಅಲ್ಲಿ ಎಚ್ಚರ ಬೇಕು ಎಂಬ ವಾದವನ್ನು ನಾವು ಒಪ್ಪಬಹುದು. ಆದರೆ ವಾದ ಅಲ್ಲಿಗೇ ನಿಲ್ಲಲಿಲ್ಲ. ‘ಗೌರವಪೂರ್ವಕ ಖುಲಾಸೆ’ ಬೇರೆ, ‘ಸಂಶಯದ ಲಾಭ’ದ ಖುಲಾಸೆ ಬೇರೆ ಎಂಬ ಭೇದ ಬಲವಾಗಿ ಬೇರೂರಿತು. ಸ್ವಾರಸ್ಯವೇನೆಂದರೆ, ಗೌರವಪೂರ್ವಕ ಖುಲಾಸೆ ಎಂಬ ಶಬ್ದ ದಂಡ ಸಂಹಿತೆಯಲ್ಲಾಗಲಿ ಪ್ರಕ್ರಿಯಾ ಸಂಹಿತೆಯಲ್ಲಾಗಲಿ ಇಲ್ಲವೆಂದು ಸುಪ್ರೀಮ್ ಕೋರ್ಟೇ ಹೇಳಿದೆ. ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟುಗಳನ್ನು ಬಲ್ಲವರಿಗೆ ಗೊತ್ತು: ಸಾಕ್ಷಿ ತಿರುಗಿಬಿದ್ದರೂ, ಎರಡು ಮನೆಯವರು ರಾಜಿಯಾದರೂ, ಪ್ರಕರಣವೇ ಕಟ್ಟುಕಥೆಯಾಗಿದ್ದರೂ ತೀರ್ಪಿನ ಕೊನೆಯಲ್ಲಿ ‘ಸಂಶಯದ ಲಾಭ ನೀಡಿ ಬಿಡುಗಡೆ ಮಾಡಲಾಗಿದೆ’ ಎಂದು ಬರೆಯುವುದು ರೂಢಿ. ಗುಮಾಸ್ತಿಕೆಯ ಈ ವಾಕ್ಯ ಹತ್ತು ವರ್ಷಗಳ ನಂತರ ಒಬ್ಬನ ನೇಮಕಾತಿಯನ್ನು ನುಂಗಬಲ್ಲದು.

ಮುಚ್ಚಿಟ್ಟವರ ಸಂಗತಿ ಇನ್ನೊಂದು. 2011ರಲ್ಲಿ ಇಂಥದೇ ಒಬ್ಬ ಯುವಕನ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು, ಹಸಿದವರಿಗಾಗಿ ರೊಟ್ಟಿ ಕದ್ದು ಜೀವಮಾನವಿಡೀ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಜೀನ್ ವಾಲ್ಜೀನನನ್ನು ನೆನೆದರು. ಎಳೆಯ ವಯಸ್ಸಿನ ತಪ್ಪನ್ನು ಕ್ಷಮಿಸಬೇಕೆಂದರು. ಬೇರೆ ಪೀಠಗಳು ಅಷ್ಟು ಮೃದುವಾಗಿರಲಿಲ್ಲ. ಕೊನೆಗೆ 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಾಧೀಶರ ಪೀಠ ನಿಯಮಗಳನ್ನು ಕ್ರೋಡೀಕರಿಸಿತು. ಕ್ಷುಲ್ಲಕ ಪ್ರಕರಣ ಮುಚ್ಚಿಟ್ಟದ್ದನ್ನು ಮಾಲಕರು ಮನ್ನಿಸಬಹುದು. ಕೇಳದ ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ಯಾರನ್ನೂ ದೂರುವಂತಿಲ್ಲ. ಆದರೆ ಮುಗಿದುಹೋದ ಪ್ರಕರಣವನ್ನು ಪ್ರಾಮಾಣಿಕವಾಗಿ ತಿಳಿಸಿದವನ ಪೂರ್ವಾಪರವನ್ನೂ ಮಾಲಕರು ಪರಿಗಣಿಸಬಹುದು, ನೇಮಿಸಿಕೊಳ್ಳಲೇಬೇಕೆಂದು ಅವರನ್ನು ಬಲವಂತಪಡಿಸುವಂತಿಲ್ಲ ಎಂದೂ ಅದು ಹೇಳಿತು. ಮುಚ್ಚಿಟ್ಟರೆ ಸುಳ್ಳುಗಾರ, ಬಿಚ್ಚಿಟ್ಟರೆ ಶಂಕಿತ. ಇಷ್ಟಾದರೂ ನಮೂನೆಯಲ್ಲಿ ನಿಜವನ್ನೇ ಬರೆದು, ತೀರ್ಪಿನ ಅಥವಾ ‘ಬಿ ರಿಪೋರ್ಟ್’ನ ದೃಢೀಕೃತ ಪ್ರತಿಯನ್ನು ಲಗತ್ತಿಸುವುದೇ ಕ್ಷೇಮ. ಮುಚ್ಚಿಟ್ಟವರ ಪರ ತೀರ್ಪು ಬಂದದ್ದು ಅದೃಷ್ಟದ ಮಾತು.

ಕಡತ ಮಾಡಿದ ಗಾಯವನ್ನು ಕಾಗದದಿಂದಲೇ ಮಾಯಿಸಲು ಒಂದು ಸರಕಾರ ಹೊರಟ ಉದಾಹರಣೆಯೂ ಇದೆ. 2007ರ ಮೇ 18ರಂದು, ಶುಕ್ರವಾರ, ಹೈದರಾಬಾದಿನ ಮಕ್ಕಾ ಮಸೀದಿಯಲ್ಲಿ ಬಾಂಬ್ ಸಿಡಿಯಿತು. ಅದರ ಬೆನ್ನಿಗೆ ಹಳೆಯ ನಗರದ ಹತ್ತಾರು ಮುಸ್ಲಿಮ್ ಯುವಕರನ್ನು ಪೊಲೀಸರು ಹಿಡಿದೊಯ್ದರು. ಆರೋಪಗಳು ನಿಲ್ಲಲಿಲ್ಲ, ಯುವಕರು ಬಿಡುಗಡೆಯಾದರು. ಅವರ ಓದು ನಿಂತಿತ್ತು, ಕೆಲಸ ಹೋಗಿತ್ತು. ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಶಿಫಾರಸಿನ ಮೇಲೆ ಆಂಧ್ರಪ್ರದೇಶ ಸರಕಾರ ಎಪ್ಪತ್ತು ಮಂದಿಗೆ ಒಟ್ಟು 70 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. ಜೊತೆಗೆ ನಡತೆಯ ಪ್ರಮಾಣಪತ್ರವನ್ನೂ ನೀಡಿತು. ಹಣಕ್ಕಿಂತ ಆ ಪ್ರಮಾಣಪತ್ರ ಹೆಚ್ಚು ಮಹತ್ವದ್ದೆಂದು ನಾವು ಭಾವಿಸುತ್ತೇವೆ. ಬಂಧಿಸಿದ ಸರಕಾರವೇ ಇವರು ತಪ್ಪಿತಸ್ಥರಲ್ಲ ಎಂದು ಬರೆದುಕೊಟ್ಟಿತಲ್ಲ! ಆದರೆ ಪರಿಹಾರದ ಆದೇಶವನ್ನು 2013ರಲ್ಲಿ ಹೈಕೋರ್ಟ್ ರದ್ದುಮಾಡಿತು. ಮುಂದೆ ಅದೇ ಸ್ಫೋಟದ ಮೊಕದ್ದಮೆಯಲ್ಲಿ ಹಿಂದುತ್ವ ಸಂಘಟನೆಗಳೊಡನೆ ನಂಟಿದ್ದವರೆಂಬ ಐವರು ವಿಚಾರಣೆ ಎದುರಿಸಿದರು, 2018ರ ಏಪ್ರಿಲ್‌ನಲ್ಲಿ ಖುಲಾಸೆಯಾದರು. ಶಿಕ್ಷೆಯಿಲ್ಲದ ಬಂಧನ ಯಾರ ಅನ್ನವನ್ನೂ ಕಿತ್ತುಕೊಳ್ಳಬಾರದೆಂಬ ಮಾತು ಅವರಿಗೂ ಅನ್ವಯಿಸುತ್ತದೆಂದು ಹೇಳಲು ನಮಗೆ ಸಂಕೋಚವಿಲ್ಲ.

ಅದೇ 2007ರ ಜುಲೈ 2ರಂದು ಇನ್ನೊಂದು ಬಂಧನ ನಡೆಯಿತು, ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ. ಆಸ್ಟ್ರೇಲಿಯದ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಮೂಡಿಗೆರೆ ಮೂಲದ ಡಾ. ಮುಹಮ್ಮದ್ ಹನೀಫ್ ಅವರನ್ನು ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡರು. ಗ್ಲಾಸ್ಗೋ ದಾಳಿಯ ಜೀಪಿನಲ್ಲಿ ಸಿಕ್ಕಿತೆಂದ ಅವರ ಸಿಮ್ ಕಾರ್ಡ್ ನಿಜಕ್ಕೂ ಇದ್ದದ್ದು ಲಿವರ್‌ಪೂಲಿನಲ್ಲಿ. ಜುಲೈ 27ರಂದು ಆರೋಪ ಕೈಬಿಟ್ಟರು. ಆದರೆ ಅಷ್ಟರಲ್ಲಿ ಕೆಲಸಕ್ಕೆ ಆಧಾರವಾಗಿದ್ದ ವೀಸಾ ರದ್ದಾಗಿತ್ತು. ಅಲ್ಲಿನ ಫೆಡರಲ್ ಕೋರ್ಟ್ ವೀಸಾ ರದ್ದತಿಯನ್ನು ಅನೂರ್ಜಿತಗೊಳಿಸಿತು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ವಿಚಾರಣೆ ನಡೆಸಿ ಬಂಧನದ ಲೋಪಗಳನ್ನು ಬಹಿರಂಗವಾಗಿ ದಾಖಲಿಸಿದರು. 2010ರ ಡಿಸೆಂಬರ್‌ನಲ್ಲಿ ಪರಿಹಾರವೂ ಸಿಕ್ಕಿತು. ಹೈದರಾಬಾದಿನ ಯುವಕರ ಕೈಗೆ ಬಂದದ್ದು ಒಂದು ಪ್ರಮಾಣಪತ್ರ, ಡಾ. ಹನೀಫರ ಪರವಾಗಿ ಮುದ್ರಿತ ವರದಿಯೇ ಇದೆ.

ಹೀಗೆ ಸುದ್ದಿಯಾಗದವರ ಲೆಕ್ಕ ಎಷ್ಟು? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರಲ್ಲಿ ಖುಲಾಸೆಯಾಗುವವರೆಲ್ಲ ಒಂದು ದಿನ ಕೆಲಸ ಕೇಳಿಕೊಂಡು ಯಾರದೋ ಬಾಗಿಲಿಗೆ ಬರುತ್ತಾರೆ. ಬೆಂಗಳೂರಿನ ಖಾಸಗಿ ಕಂಪೆನಿಗಳಲ್ಲಿ ಈಗ ಪರಿಶೀಲನೆಗೆಂದೇ ಬೇರೆ ಏಜೆನ್ಸಿಗಳಿವೆ. ಕೋರ್ಟ್ ದಾಖಲೆಗಳು ಇಂಟರ್‌ನೆಟ್ಟಿಗೆ ಬಂದ ಮೇಲೆ ಠಾಣೆಗೆ ಹೋಗುವ ಅಗತ್ಯವೂ ಇಲ್ಲ, ಹೆಸರು ಹಾಕಿ ಹುಡುಕಿದರೆ ಸಾಕು. ಮುಹಮ್ಮದ್ ಇಸ್ಮಾಯಿಲ್, ಅಬ್ದುಲ್ ಖಾದರ್ ಎಂಬ ಹೆಸರಿನವರು ಒಂದೊಂದು ಊರಿನಲ್ಲಿ ಎಷ್ಟು ಮಂದಿಯಿದ್ದಾರೆಂದು ನಮಗೆ ಗೊತ್ತು. ಹುಡುಕುವ ಯಂತ್ರಕ್ಕೆ ಗೊತ್ತಿಲ್ಲ. ಕಡತದಲ್ಲಿ ಹೆಸರಿದ್ದವನಿಗಷ್ಟೇ ಇದ್ದ ಕಷ್ಟ ಈಗ ಅದೇ ಹೆಸರಿನವನಿಗೂ ಬರಬಹುದು.

ಈ ಬಾಗಿಲನ್ನು ಮುಚ್ಚುವ ಮೊದಲ ಪ್ರಯತ್ನಗಳು ನಡೆದಿವೆ. 2009ರಲ್ಲಿ ಭಾರತಕ್ಕೆ ಬಂದಿದ್ದ ಭಾರತೀಯ ಮೂಲದ ಅಮೆರಿಕನ್ ಪ್ರಜೆಯೊಬ್ಬರ ಮೇಲೆ ಮಾದಕ ದ್ರವ್ಯದ ಮೊಕದ್ದಮೆ ಬಿತ್ತು. 2011ರಲ್ಲಿ ಖುಲಾಸೆಯಾಯಿತು, ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಮೆರಿಕಕ್ಕೆ ಮರಳಿ ಕಾನೂನು ಓದಿದರು, ಅಂಕಗಳೂ ಚೆನ್ನಾಗಿದ್ದವು, ಆದರೆ ಕೆಲಸ ಸಿಗಲಿಲ್ಲ. ಹೆಸರು ಹುಡುಕಿದರೆ ಮೊದಲು ಕಾಣುತ್ತಿದ್ದದ್ದು ಆ ತೀರ್ಪು; ಅವರನ್ನು ನಿರ್ದೋಷಿಯೆಂದ ಅದೇ ತೀರ್ಪು! 2021ರ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದು ಹುಡುಕಾಟದಲ್ಲಿ ಸಿಗದಂತೆ ಮಾಡಲು ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಖುಲಾಸೆಯಾದ ಇನ್ನೊಬ್ಬರ ಹೆಸರನ್ನು ತೀರ್ಪಿನಿಂದ ಅಳಿಸಲು ಒಪ್ಪಲಿಲ್ಲ. 2024ರ ಫೆಬ್ರವರಿಯಲ್ಲಿ ಅಲ್ಲಿನ ವಿಭಾಗೀಯ ಪೀಠ ಅಳಿಸಿ ಎಂದಿತು. ಜುಲೈ ತಿಂಗಳಲ್ಲಿ ಸುಪ್ರೀಮ್ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.